ಸಾಲಿನ ಬಾಲ

ಸುಣ್ಣಕಲ್ಲಿನ ಆ ಗುಹೆಯೊಳಗೆ ಪ್ರವಾಸಿಗರ ಸಾಲಿನ ಮುಂದೆ ಒಬ್ಬ ಗೈಡ್ ಇದ್ದರೆ ಕೊನೆಯಲ್ಲಿ ಇನ್ನೊಬ್ಬರು. ಕೊನೆಯವರ ಕೆಲಸಕ್ಕೆ ‘ಬಾಲ ಹಿಡಿಯುವುದು’ ಎಂದೇ ಹೆಸರು. ಎಲ್ಲರೂ ಅಕ್ಕ ಎಂದು ಕರೆಯುತ್ತಿದ್ದ ಹಿರಿಯ ಗೈಡ್‌ಗೆ ಇವತ್ತು ಬಾಲ ಸಿಕ್ಕಿತ್ತು. ಅದೂ ಯಾರ ಹಿಂದೆ? ತಾನೇ ಕೆಲಸ ಕಲಿಸಿದ ಓರಗಿತ್ತಿಯ ಹಿಂದೆ.

ಗುಹೆಯ ಒಳಗಿನ ದೊಡ್ಡ ಕೋಣೆಯೊಂದು ಹೊಸದಾಗಿ ತೆರೆಯಲಿತ್ತು. ಅದಕ್ಕೆ ಒಬ್ಬರೇ ಗೈಡ್. ಯಾರೆಂದು ಮ್ಯಾನೇಜರ್ ಇವತ್ತೇ ಹೇಳುವವರಿದ್ದರು. ಅಕ್ಕನಿಗೆ ಅದು ಬೇಕೇ ಬೇಕಿತ್ತು.

ಓರಗಿತ್ತಿಯನ್ನು ಕೆಲಸದವರು ಗಿಣಿ ಎನ್ನುತ್ತಿದ್ದರು. ಹೆಸರಿಗೆ ತಕ್ಕ ಬಾಯಿ.

“ಮೇಲಿಂದ ಇಳಿದಿರೋ ಈ ಕಲ್ಲು ಉಗುರಿನಷ್ಟು ಬೆಳೆಯೋಕೆ ನೂರು ವರ್ಷವಾದ್ರೂ ಬೇಕು,” ಎಂದಳು ಗಿಣಿ. “ಥೇಟ್ ನಮ್ಮ ಸಂಬಳ.”

ಜನ ನಕ್ಕರು. ಅಕ್ಕನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ಸಂಬಳದ ಮಾತೊಂದು ಬಿಟ್ಟರೆ ಉಳಿದದ್ದೆಲ್ಲ ಅಕ್ಕನದೇ ಪಾಠ. ಅವಳು ಹೇಳಿದಾಗ ಜನ ತಲೆಯಾಡಿಸುತ್ತಿದ್ದರು, ಅಷ್ಟೇ.

“ಹುಡುಗಿ ಚೆನ್ನಾಗಿ ಹೇಳ್ತಾಳೆ ಅಲ್ವಾ?” ಎಂದರು ಪಕ್ಕದಲ್ಲಿದ್ದ ದಪ್ಪ ಕನ್ನಡಕದವರು.

“ಕಲಿಸಿದೋರು ಚೆನ್ನಾಗಿ ಕಲಿಸಿರಬೇಕು,” ಎಂದಳು ಅಕ್ಕ.

ಗುಹೆಯ ನಡುವೆ ದೀಪ ಆರಿಸಿ ಪೂರ್ತಿ ಕತ್ತಲೆಯನ್ನು ತೋರಿಸುವುದು ಪದ್ಧತಿ. ಕೊನೆಯವರು ಹಿಂದೆ ಯಾರೂ ಉಳಿದಿಲ್ಲವೆಂದು ನೋಡಿ “ಬಾಲ ಬಂತು” ಎಂದ ಮೇಲೆಯೇ ಮುಂದಿನವರು ಸ್ವಿಚ್ ಮುಟ್ಟಬೇಕು. ಆದರೆ ಗಿಣಿ ಎಲ್ಲಿ ತಪ್ಪುತ್ತಾಳೋ ಎಂದು ಕಿವಿಗೊಟ್ಟಿದ್ದ ಅಕ್ಕ ತನಗರಿವಿಲ್ಲದೆ ಸಾಲಿನ ಅರ್ಧದವರೆಗೆ ಬಂದುಬಿಟ್ಟಿದ್ದಳು. ಹಾಳಾದವಳು ಎಲ್ಲೂ ತಪ್ಪಿರಲಿಲ್ಲ.

“ಅಕ್ಕಾ, ಬಾಲ?”

“ಬಾಲ ಬಂತು,” ಎಂದಳು ಅಕ್ಕ, ಹಿಂದೆ ನೋಡದೆಯೇ.

ದೀಪ ಆರಿತು. ಹಿಂದಿನ ಇಕ್ಕಟ್ಟಾದ ದಾರಿಯಿಂದ ನಡುಗುವ ದನಿಯೊಂದು ಕೇಳಿತು: “ಯಾರಾದ್ರೂ ಇದ್ದೀರಾ? ನಂಗೇನೂ ಕಾಣ್ತಿಲ್ಲ.”

ಮರುಕ್ಷಣ ದೀಪ ಹತ್ತಿತು. ಚಪ್ಪಲಿ ಸರಿಮಾಡಿಕೊಳ್ಳಲು ನಿಂತಿದ್ದ ಅಜ್ಜಿಯೊಬ್ಬರು ಗೋಡೆಗೆ ಅಂಟಿಕೊಂಡಿದ್ದರು. ಏಟೇನೂ ಆಗಿರಲಿಲ್ಲ. ಓಡಿಹೋಗಿ ಅವರ ಕೈಹಿಡಿದವಳೂ ಗಿಣಿಯೇ.

ಹೊರಗೆ ಬರುವಷ್ಟರಲ್ಲಿ ದೂರು ಮ್ಯಾನೇಜರ್ ಕಿವಿ ಮುಟ್ಟಿತ್ತು.

“‘ಬಾಲ ಬಂತು’ ಅಂತ ಕರೆ ಕೊಟ್ಟೋರು ಯಾರು?”

ಅಕ್ಕ ಬಾಯಿ ತೆರೆಯುವ ಮೊದಲೇ ಗಿಣಿ ಹೇಳಿದಳು: “ಕರೆ ಬಂದಿರ್ಲಿಲ್ಲ ಸರ್. ನಾನೇ ಅವಸರಪಟ್ಟು ಸ್ವಿಚ್ ಒತ್ತಿದೆ.”

“ಹಾಗಾದ್ರೆ ದೊಡ್ಡ ಕೋಣೆ ಅಕ್ಕಂಗೇ ಇರಲಿ,” ಎಂದರು ಮ್ಯಾನೇಜರ್.

ಬಯಸಿದ್ದು ಕೈಗೇ ಬಂದಿತ್ತು. ಆದರೆ ಅಕ್ಕನ ಕಣ್ಣಮುಂದೆ ಮನೆಯ ಊಟದ ಹೊತ್ತು ಬಂತು. ಗಿಣಿ ತುಟಿ ಬಿಚ್ಚುವುದಿಲ್ಲ, ಆದರೂ ಹೇಗೋ ವಿಷಯ ತಿಳಿಯುತ್ತದೆ. “ಚಿಕ್ಕವಳಾದ್ರೂ ಎಂಥ ಮನಸ್ಸು” ಎನ್ನುತ್ತಾರೆ ಅತ್ತೆ. ಮಾತಿನಲ್ಲಿ ಅವಳು ಮುಂದೆ, ನಗಿಸುವುದರಲ್ಲಿ ಮುಂದೆ. ಇನ್ನು ದೊಡ್ಡತನವನ್ನೂ ಅವಳಿಗೇ ಬಿಟ್ಟುಕೊಡಬೇಕೆ?

“ಇವಳು ಸುಳ್ಳು ಹೇಳ್ತಿದ್ದಾಳೆ ಸರ್. ನಾನೇ ಕರೆ ಕೊಟ್ಟೆ. ಹಿಂದೆ ತಿರುಗಿ ನೋಡ್ಲಿಲ್ಲ.”

“ಅಕ್ಕಾ, ಹೋಗ್ಲಿ ಬಿಡಿ...”

“ನೀನು ಸುಮ್ನಿರೇ. ಎಲ್ಲಾ ನಿಂಗೇ ಬೇಕಾ? ತಪ್ಪಾದ್ರೂ ನಂದಾಗಿರಲಿ.”

ಮ್ಯಾನೇಜರ್ ಇಬ್ಬರನ್ನೂ ಒಮ್ಮೆ ನೋಡಿ ಕೋಣೆಯನ್ನು ಗಿಣಿಗೆ ಕೊಟ್ಟರು. ಅಕ್ಕ ಟಾರ್ಚ್ ಎತ್ತಿಕೊಂಡು ಮುಂದಿನ ಸಾಲಿನ ಕೊನೆಗೆ ಹೋಗಿ ನಿಂತಳು. ನಿಜ ಹೇಳಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ಅವಳ ಹೊಟ್ಟೆಯುರಿ ಮಾತ್ರ ಕೂದಲೆಳೆಯಷ್ಟೂ ಇಳಿದಿರಲಿಲ್ಲ.