ಒಂದು ಒತ್ತಿನ ಅಂತರ

ಇಪ್ಪತ್ತೆರಡು ವರ್ಷ ಒಂದೇ ಭಾಷಾಶಾಲೆಯ ಮೂರನೇ ಕೊಠಡಿಯಲ್ಲಿ ಸ್ಪ್ಯಾನಿಷ್ ಕಲಿಸಿದ ಅಕ್ಕನಿಗೆ, ಪಕ್ಕದ ನಾಲ್ಕನೇ ಕೊಠಡಿಗೆ ಒಡಹುಟ್ಟಿದ ತಂಗಿಯೇ ಟೀಚರಾಗಿ ಬಂದದ್ದು ಮೊದಲ ವಾರ ಹೆಮ್ಮೆಯ ಸಂಗತಿಯೇ ಆಗಿತ್ತು. ಪ್ರಾಂಶುಪಾಲರ ಹತ್ತಿರ ಅವಳ ಪರವಾಗಿ ಮಾತಾಡಿದವಳೂ ಅಕ್ಕನೇ. ತಂಗಿಗೆ ಆ ಭಾಷೆಯ ಮೊದಲ ಮಾತು ಕಲಿಸಿದವಳೂ ಅವಳೇ. ತಂಗಿ ಅವಳಿಗಿಂತ ಹನ್ನೊಂದು ವರ್ಷ ಚಿಕ್ಕವಳು. ಅಕ್ಕ ಅವಳನ್ನು ಅಡುಗೆಮನೆಯ ಮೇಜಿನ ಎದುರು ಕೂರಿಸಿಕೊಂಡು, ತರಕಾರಿ ಹೆಚ್ಚುತ್ತಲೇ ಕ್ರಿಯಾಪದಗಳನ್ನು ಬಾಯಿಪಾಠ ಮಾಡಿಸಿದ್ದಳು. ಆ ಬಲದ ಮೇಲೆಯೇ ತಂಗಿ ಸಮುದ್ರ ದಾಟಿ, ಸ್ಪ್ಯಾನಿಷ್ ಮಾತಾಡುವ ಊರೊಂದರ ಹೋಟೆಲಿನಲ್ಲಿ ಅತಿಥಿಗಳಿಗೆ ಕೋಣೆ ಕೊಡುವ ಕೆಲಸವನ್ನು ನಾಲ್ಕು ವರ್ಷ ಮಾಡಿ ಬಂದಿದ್ದಳು. ಅಕ್ಕ ಮಾತ್ರ ಆ ಭಾಷೆಯವರ ಊರನ್ನು ಕಣ್ಣಾರೆ ಕಂಡವಳಲ್ಲ. ನಿವೃತ್ತ ಗುಮಾಸ್ತರೊಬ್ಬರ ಬಳಿ, ಅವರ ಹಳೆಯ ಪುಸ್ತಕಗಳಿಂದ ಕಲಿತವಳು.

ಎರಡನೇ ವಾರ ಗೋಡೆಯಾಚೆಯಿಂದ ನಗು ಕೇಳತೊಡಗಿತು.

ಅಕ್ಕನ ತರಗತಿಯಲ್ಲಿ ನಗುವಿಗೆ ಜಾಗವಿರಲಿಲ್ಲ. ಹಲಗೆಯ ಮೇಲೆ ಮೂರು ಕಂಬಸಾಲು ಎಳೆದು, ನಾನು, ನೀನು, ಅವನು ಎಂದು ರೂಪಗಳನ್ನು ಬರೆಯುವುದು, ಎಲ್ಲರೂ ಒಕ್ಕೊರಲಿನಿಂದ ಹೇಳುವುದು, ಆಮೇಲೆ ಉಕ್ತಲೇಖನ, ಆಮೇಲೆ ಕೆಂಪು ಶಾಯಿ. ಹಿಂದಿನಿಂದ ವಿದ್ಯಾರ್ಥಿಗಳು ಅವಳನ್ನು 'ವ್ಯಾಕರಣ ಮೇಡಂ' ಎನ್ನುತ್ತಿದ್ದರು, ಅದು ಅವಳ ಕಿವಿಗೂ ಬಿದ್ದಿತ್ತು, ಬೇಸರವೇನೂ ಆಗಿರಲಿಲ್ಲ. ಪರೀಕ್ಷೆಗೆ ಕೂತವರಲ್ಲಿ ಅವಳ ಕಡೆಯವರು ಫೇಲಾಗುವುದು ಅಪರೂಪ.

ಎರಡು ತಿಂಗಳಾಗುತ್ತ ಬಂದಾಗ, ಸೀಮೆಸುಣ್ಣ ತರುವ ನೆಪದಲ್ಲಿ ಒಂದು ಸಂಜೆ ನಾಲ್ಕನೇ ಕೊಠಡಿಯ ಬಾಗಿಲ ಗಾಜಿನಲ್ಲಿ ಇಣುಕಿ ನೋಡಿದಳು. ಬೆಂಚುಗಳೆಲ್ಲ ಗೋಡೆಗೆ ಆತುಕೊಂಡು ನಿಂತಿದ್ದವು. ನಡುವೆ ಖಾಲಿ ರಟ್ಟಿನ ಡಬ್ಬಗಳನ್ನು ಜೋಡಿಸಿ ಔಷಧಿ ಅಂಗಡಿ ಮಾಡಿದ್ದರು. ನರ್ಸೊಬ್ಬಳು ಅಂಗಡಿಯವಳು, ಲಾರಿ ಡ್ರೈವರೊಬ್ಬ ಹೊಟ್ಟೆ ಹಿಡಿದುಕೊಂಡ ರೋಗಿ. ಅವನಿಗೆ ಎಲ್ಲಿ ನೋವು ಎಂದು ಅವಳು ಸ್ಪ್ಯಾನಿಷಿನಲ್ಲೇ ಕೇಳಿ ಚೀಟಿಯಲ್ಲಿ ತುಂಬಬೇಕು. ಯಾವ ಮಾತ್ರೆ, ದಿನಕ್ಕೆ ಎಷ್ಟು ಎಂದು ಅವನೂ ಸ್ಪ್ಯಾನಿಷಿನಲ್ಲೇ ಕೇಳಿ ತಿಳಿದುಕೊಳ್ಳಬೇಕು. ಯಾರಾದರೂ ಮಧ್ಯೆ ಕನ್ನಡ ಆಡಿದರೆ ತಂಗಿ ಬೈಯುತ್ತಿರಲಿಲ್ಲ, ಕಿವಿ ಕೇಳದವಳಂತೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದಳು. ಡ್ರೈವರ್ 'ಹೊಟ್ಟೆ'ಗೆ ಶಬ್ದ ಸಿಗದೆ ತಡವರಿಸಿ, ತನಗೆ ಅಡುಗೆಮನೆ ನೋಯುತ್ತಿದೆ ಎಂದ. ಕೊಠಡಿಯೇ ಹಾರಿಹೋಗುವಂತೆ ನಕ್ಕರು. ತಂಗಿಯೂ ನಕ್ಕಳು. ತಿದ್ದಲಿಲ್ಲ!

ಇದೂ ಒಂದು ಪಾಠವೇ ಎಂದು ಅಕ್ಕ ಮೂಗು ಮುರಿದು ಬಂದಳು. ಆದರೆ ಅದರ ಮಾರನೆಯ ವಾರ ಅವಳ ತರಗತಿಯ ಇಬ್ಬರು ತಮ್ಮನ್ನು ನಾಲ್ಕನೇ ಕೊಠಡಿಗೆ ಹಾಕಿಕೊಡಿ ಎಂದು ಆಫೀಸಿನಲ್ಲಿ ಅರ್ಜಿ ಕೊಟ್ಟಾಗ, ಹಾಜರಿ ಪುಸ್ತಕದಲ್ಲಿ ಆ ಇಬ್ಬರ ಹೆಸರಿನ ಮೇಲೆ ಎರಡೆರಡು ಗೀಟು ಎಳೆದಳು. ಅಂದು ಊಟಕ್ಕೆ ಕೂತಾಗ, ಕನ್ನಡಕದ ಅಂಗಡಿ ನಡೆಸುವ ಅವಳ ಗಂಡ, ಏನೂ ತಿಳಿಯದವನು, ಗಿರಾಕಿಯೊಬ್ಬ ತನ್ನ ನಾದಿನಿಯನ್ನು ಹೊಗಳಿದ್ದೇ ಹೊಗಳಿದ್ದು ಎಂದು ಬಾಯಿತುಂಬ ಹೇಳಿದ. ಎರಡೇ ತಿಂಗಳಲ್ಲಿ ಬಾಯಿ ಬಿಡಿಸಿಬಿಟ್ಟಳಂತೆ. ಅಕ್ಕ ಅವನಿಗೆ ಸಾರನ್ನು ಎರಡನೇ ಸಲ ಬಡಿಸಲಿಲ್ಲ.

ಅವಳೂ ಪ್ರಯತ್ನ ಪಡದೆ ಇರಲಿಲ್ಲ. ಮನೆಯಲ್ಲಿದ್ದ ಸೋಪಿನ, ಟೂತ್‌ಪೇಸ್ಟಿನ ಖಾಲಿ ಡಬ್ಬಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿ ಮೇಜಿನ ಮೇಲೆ ಹರಡಿ, ಇವತ್ತು ಅಂಗಡಿ ಆಟ ಎಂದಳು. ಅವಳ ವಿದ್ಯಾರ್ಥಿಗಳು ಕಲ್ಲಿನಂತೆ ಕೂತರು. ತಪ್ಪಿದರೆ ಕೆಂಪು ಶಾಯಿ ಬೀಳುತ್ತದೆಂದು ಇಷ್ಟು ದಿನ ಕಲಿತವರು ಒಂದೇ ಸಂಜೆಯಲ್ಲಿ ಹೇಗೆ ಬಾಯಿ ತೆರೆದಾರು? ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈಯೆತ್ತಿ, ಇದು ಪರೀಕ್ಷೆಗೆ ಬರುತ್ತದೆಯೇ ಎಂದು ವಿನಯವಾಗಿ ಕೇಳಿದಳು. ಅಕ್ಕ ಡಬ್ಬಗಳನ್ನು ಚೀಲಕ್ಕೆ ತುಂಬಿ ಮತ್ತೆ ಕಂಬಸಾಲು ಎಳೆದಳು.

ಆ ಸಂಜೆಯೇ ಪ್ರಾಂಶುಪಾಲರ ಕೋಣೆಗೆ ಹೋದಳು. ತಂಗಿ ಎಂದು ಮುಲಾಜು ನೋಡುವುದು ತಪ್ಪು, ಶಾಲೆಯ ಹೆಸರು ಮುಖ್ಯ ಎಂದು ಪೀಠಿಕೆ ಹಾಕಿದಳು. ಆ ಕೊಠಡಿಯಲ್ಲಿ ವ್ಯಾಕರಣ ಎಳ್ಳಷ್ಟೂ ಇಲ್ಲ, ತಪ್ಪನ್ನು ತಿದ್ದುವವರಿಲ್ಲ, ಪರೀಕ್ಷೆಯಲ್ಲಿ ಸಾಲಾಗಿ ಮಲಗುತ್ತಾರೆ ಎಂದಳು. ಪ್ರಾಂಶುಪಾಲರು ಎಲ್ಲವನ್ನೂ ಬರೆದುಕೊಂಡರು. ಕೊನೆಗೆ, ಒಂದು ವಾರ ಇಬ್ಬರೂ ತರಗತಿ ಅದಲುಬದಲು ಮಾಡಿಕೊಳ್ಳಿ, ನೀವೇ ಪರೀಕ್ಷಿಸಿ ವರದಿ ಕೊಡಿ, ಅದು ನೀವು ಹೇಳಿದಂತೆಯೇ ಇದ್ದರೆ ಮುಂದಿನ ಅವಧಿಗೆ ಬೇರೆಯವರನ್ನು ನೋಡೋಣ ಎಂದರು. ಬೇರೆಯವರು ಎಂಬ ಮಾತಿನವರೆಗೆ ಹೋಗುತ್ತದೆ ಎಂದು ಅಕ್ಕ ಎಣಿಸಿರಲಿಲ್ಲ. ಆದರೂ ಆಗಲಿ ಎಂದು ಎದ್ದು ಬಂದಳು.

ನಾಲ್ಕನೇ ಕೊಠಡಿಯಲ್ಲಿ ಮೊದಲ ದಿನ ಉಕ್ತಲೇಖನ ಕೊಟ್ಟಳು. ಹಾಳೆಗಳು ಅವಳು ಬಯಸಿದಷ್ಟೇ ಕೆಟ್ಟದಾಗಿದ್ದವು. ಮನೆಗೆ ತಂದು ಒಂದೊಂದನ್ನೂ ತಿದ್ದುವಾಗ, ನಿಜ ಹೇಳಬೇಕೆಂದರೆ, ಅವಳಿಗೆ ಖುಷಿಯಾಗಿತ್ತು.

ಎರಡನೇ ದಿನ ಮಾತಿನ ಸರದಿ. ಹಿಂದಿನ ಸಾಲಿನಲ್ಲಿ ಅರವತ್ತು ದಾಟಿದ ಟೈಲರ್ ಒಬ್ಬರಿದ್ದರು. ಅವರ ಸೊಸೆಯ ತಾಯ್ನುಡಿ ಸ್ಪ್ಯಾನಿಷ್, ದೂರದಲ್ಲಿರುವ ನಾಲ್ಕು ವರ್ಷದ ಮೊಮ್ಮಗಳಿಗೂ ಬರುವುದು ಅದೊಂದೇ. ಪ್ರತಿ ಭಾನುವಾರ ಫೋನಿನಲ್ಲಿ ಮಗುವಿನ ಮುಖ ನೋಡುತ್ತ ಸುಮ್ಮನೆ ಕೂರುವುದು ಸಾಕಾಗಿ ಕಲಿಯಲು ಬಂದವರು. ಮೊಮ್ಮಗಳ ಬಗ್ಗೆ ಹೇಳಿ ಎಂದಾಗ ಅವರ ಮುಖ ಅರಳಿತು. ಎದ್ದು ನಿಂತು ಶುರು ಮಾಡಿದರು. ಅಕ್ಕ ಮೊದಲ ಶಬ್ದದ ಲಿಂಗ ತಿದ್ದಿದಳು. ಅವರು ತಲೆಯಾಡಿಸಿ ಮತ್ತೆ ಶುರು ಮಾಡಿದರು. ಕ್ರಿಯಾಪದ ತಿದ್ದಿದಳು. ಮತ್ತೆ ಮೊದಲಿಂದ. ಮಗುವಿಗೆ ತಾನು ಹೊಲಿದ ಅಂಗಿ ಇಷ್ಟ, ಆದರೆ ಗುಂಡಿಗಳು ಇಷ್ಟವಿಲ್ಲ ಎನ್ನುವಲ್ಲಿಗೆ ಹೇಗೋ ಬಂದರು.

"ಪೆರೊ ಅಲ್ಲ," ಅಂದಳು ಅಕ್ಕ. "ಒತ್ತಿ ಹೇಳಿ. ಪೆರ್ರೊ."

ಟೈಲರ್ ಕಕ್ಕಾಬಿಕ್ಕಿಯಾದರು. ಹಿಂದೆ ಯಾರೋ ಕಿಸಕ್ಕೆಂದರು.

"ಮೇಡಂ, ತಪ್ಪು ತಿಳ್ಕೋಬೇಡಿ," ಎಂದರು ಅವರು, ತುಂಬ ಮೆಲ್ಲಗೆ. "ಇಲ್ಲಿ ನಾಯಿ ಯಾಕೆ ಬಂತು? ಪೆರೊ ಅಂದ್ರೆ ಆದರೆ, ಪೆರ್ರೊ ಅಂದ್ರೆ ನಾಯಿ ಅಂತ ಚಿಕ್ಕ ಮೇಡಂ ಹೇಳಿದ್ರು."

ಬರಹದಲ್ಲಿ ಒಂದಕ್ಕೆ ಒಂದು 'ರ', ಇನ್ನೊಂದಕ್ಕೆ ಎರಡು ಎಂಬುದು ಅಕ್ಕನಿಗೆ ಗೊತ್ತಿತ್ತು. ಬಾಯಿಯಲ್ಲಿ ಮಾತ್ರ ಎರಡೂ ಒಂದೇ ಎಂದು ಗುಮಾಸ್ತರು ಕಲಿಸಿದ್ದರು. ಆ ಭಾಷೆಯವರು 'ರ'ವನ್ನು ಎಲ್ಲಿದ್ದರೂ ಒತ್ತುತ್ತಾರೆ ಎಂದು. ಧ್ವನಿಮುದ್ರಣಗಳಲ್ಲಿ ಒತ್ತು ಕೇಳದಿದ್ದಾಗಲೆಲ್ಲ, ಅವಸರದ ಮಾತಿನಲ್ಲಿ ನುಂಗಿದ್ದಾರೆ ಎಂದುಕೊಂಡಿದ್ದಳು. ಹಾಗೆಯೇ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಟೈಲರ್ ಫೋನು ತೆಗೆದು ಸೊಸೆ ಕಳಿಸಿದ್ದ ಧ್ವನಿಸಂದೇಶ ಹಾಕಿದರು, ವಾದಕ್ಕಲ್ಲ, ತಮ್ಮದೇ ತಪ್ಪೇನೋ ಎಂದು ತಿಳಿದುಕೊಳ್ಳಲು. ಸೊಸೆ ನಿಧಾನವಾಗಿ, ಮಾವನಿಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಮಾತಾಡಿದ್ದಳು. ಪೆರೊ, ಎಂದಳು. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ, ಪೆರೊ. ಎಲ್ಲೂ ಒತ್ತಿರಲಿಲ್ಲ.

ಕೂತುಕೊಳ್ಳಿ ಎಂದಳು ಅಕ್ಕ. ಟೈಲರ್ ಕೂತರು. ಮೊಮ್ಮಗಳಿಗೆ ಗುಂಡಿಗಳು ಯಾಕೆ ಇಷ್ಟವಿಲ್ಲ ಎಂಬುದು ಅಲ್ಲಿಗೇ ನಿಂತಿತು. ಆಮೇಲೆ ಅವರಾಗಲೀ ಬೇರೆಯವರಾಗಲೀ ಬಾಯಿ ತೆರೆಯಲಿಲ್ಲ. ಗೋಡೆಯಾಚೆ, ಅಕ್ಕನ ಮೂರನೇ ಕೊಠಡಿಯಲ್ಲಿ, ಅವಳ ಕಲ್ಲಿನಂಥ ವಿದ್ಯಾರ್ಥಿಗಳೇ ನಗುತ್ತಿದ್ದರು.

ತರಗತಿ ಬಿಟ್ಟ ಮೇಲೆ ತಂಗಿ ಮೂರನೇ ಕೊಠಡಿಯಲ್ಲಿ ಬೆಂಚು ಸರಿಪಡಿಸುತ್ತಿದ್ದಳು. ಅಕ್ಕ ಬಾಗಿಲಲ್ಲೇ ನಿಂತು, ಪೆರೊ ವಿಷಯ ನಿನಗೆ ಯಾವಾಗಿನಿಂದ ಗೊತ್ತು ಎಂದು ಕೇಳಿದಳು.

ತಂಗಿ ಬೆಂಚನ್ನು ಹಾಗೇ ಬಿಟ್ಟಳು. "ಅಲ್ಲಿಗೆ ಹೋದ ಮೊದಲನೇ ವಾರವೇ ಗೊತ್ತಾಯ್ತು ಅಕ್ಕಾ. ಒಬ್ಬರಿಗೆ, ರೂಮಿದೆ ಆದರೆ ಚಿಕ್ಕದು ಅಂತ ಹೇಳೋಕೆ ಹೋಗಿ, ರೂಮಿದೆ ನಾಯಿ ಚಿಕ್ಕದು ಅಂದೆ. ಅವರು ಬಗ್ಗಿ ಮೇಜಿನ ಕೆಳಗೆ ನೋಡಿದ್ರು."

"ಮತ್ತೆ ನನಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳ್ಲಿ? ಇಷ್ಟು ವರ್ಷ ಅದನ್ನೇ ಕಲಿಸಿದ್ದೀಯ. ನನ್ನ ಬಾಯಿಂದ ಕೇಳಿದ್ರೆ ನಿನಗೆ ಹೇಗಾಗುತ್ತೋ ಅಂತ ಸುಮ್ಮನಾದೆ. ನಿನ್ನ ಕ್ಲಾಸಿಂದ ಬಂದ ಇಬ್ಬರಿಗೆ ನಾನೇ ಮೆಲ್ಲಗೆ ತಿದ್ದಿದೆ. ನಿನ್ನ ಹೆಸರು ಎತ್ತಲಿಲ್ಲ."

ಬೈದಿದ್ದರೆ ಅಕ್ಕ ತಡೆದುಕೊಳ್ಳುತ್ತಿದ್ದಳು. ತಂಗಿ ನಾಲ್ಕು ವರ್ಷ ಅಕ್ಕನ ತಪ್ಪನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದಳು. ತಾನೋ, ಅವಳ ತಪ್ಪನ್ನು ಹುಡುಕಿ ಹುಡುಕಿ ಹೊತ್ತುಕೊಂಡು ಹೋಗಿ ಒಪ್ಪಿಸಿದ್ದಳು.

"ಈ ಅದಲುಬದಲು ಪ್ರಾಂಶುಪಾಲರು ತಾವಾಗಿ ಮಾಡಿದ್ದಲ್ಲ," ಎಂದಳು ಅಕ್ಕ. "ನಿನ್ನ ಮೇಲೆ ಚಾಡಿ ಹೇಳಿದ್ದು ನಾನು. ನಿನ್ನ ಕೆಲಸವೇ ಹೋಗೋ ಹಾಗಿದೆ."

ತಂಗಿ ಚೀಲ ಹೆಗಲಿಗೆ ಹಾಕಿಕೊಂಡು ಅಕ್ಕನ ಪಕ್ಕದಿಂದಲೇ ನಡೆದು ಹೋದಳು.

ಮಾರನೆಯ ಬೆಳಿಗ್ಗೆ ಆಫೀಸು ತೆರೆಯುವ ಮೊದಲೇ ಅಕ್ಕ ಪ್ರಾಂಶುಪಾಲರ ಬಾಗಿಲಲ್ಲಿ ನಿಂತಿದ್ದಳು. ಬರಹದಲ್ಲಿ ಆ ತರಗತಿ ಹಿಂದಿರುವುದು ನಿಜ, ಅದನ್ನು ಎರಡು ತಿಂಗಳಲ್ಲಿ ಸರಿಪಡಿಸಬಹುದು. ಮಾತಿನಲ್ಲಿ ತನ್ನ ತರಗತಿ ಹಿಂದಿರುವುದೂ ಅಷ್ಟೇ ನಿಜ, ಅದಕ್ಕೆ ಎಷ್ಟು ಕಾಲ ಬೇಕೋ ತನಗೆ ಗೊತ್ತಿಲ್ಲ ಎಂದಳು. ಹಾಗಾದರೆ ಮೊದಲು ಹಾಗೇಕೆ ಹೇಳಿದಿರಿ ಎಂದು ಅವರು ಕೇಳಿದರು.

"ಹೊಟ್ಟೆಕಿಚ್ಚು ಸಾರ್," ಎಂದಳು. "ಬೇರೆ ಏನೂ ಅಲ್ಲ."

ಪ್ರಾಂಶುಪಾಲರು ಬರೆದುಕೊಂಡಿದ್ದ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ತಂಗಿಯ ಕೆಲಸ ಉಳಿಯಿತು. ಅಕ್ಕನ ಮೇಲೆ ಅವರಿಗಿದ್ದ ಗೌರವದಲ್ಲಿ ಒಂದು ಪಾಲು ಅಂದಿನಿಂದ ಕಡಿಮೆಯಾದದ್ದು ಅವರ ನಮಸ್ಕಾರದಲ್ಲೇ ಅವಳಿಗೆ ತಿಳಿಯುತ್ತಿತ್ತು.

ವಾರ ಮುಗಿದು ಮೂರನೇ ಕೊಠಡಿಗೆ ಮರಳಿದ ಅಕ್ಕ, ಹಲಗೆಯ ಮೇಲೆ ಕನ್ನಡದಲ್ಲಿ ಎರಡು ಶಬ್ದ ಬರೆದಳು: ಕತೆ, ಕತ್ತೆ. ಒಂದು ಒತ್ತಿನ ಅಂತರ. ಪೆರೊ, ಪೆರ್ರೊ ಕೂಡ ಹಾಗೆಯೇ, ನಾನು ಇಷ್ಟು ದಿನ ನಿಮ್ಮಿಂದ ಕತೆಯ ಬದಲು ಕತ್ತೆ ಹೇಳಿಸಿದ್ದೇನೆ ಎಂದಳು. ಒಂದು ಕ್ಷಣ ಯಾರಿಗೂ ನಗಬಹುದೋ ಬಾರದೋ ತಿಳಿಯಲಿಲ್ಲ. ಆಮೇಲೆ ಮುಂದಿನ ಬೆಂಚಿನ ಹುಡುಗಿಯೇ ಮೊದಲು ನಕ್ಕಳು.

ಮೂರು ಭಾನುವಾರ ತಂಗಿ ಎಂದಿನಂತೆ ಅಕ್ಕನ ಮನೆಗೆ ಊಟಕ್ಕೆ ಬರಲಿಲ್ಲ. ಭಾವ ಫೋನು ಮಾಡಿದರೂ ಕೆಲಸ ಇದೆ ಎಂದಳು. ನಾಲ್ಕನೇ ವಾರದ ಒಂದು ಸಂಜೆ, ತರಗತಿಯ ಮಧ್ಯದಲ್ಲೇ, ಮೂರನೇ ಕೊಠಡಿಯ ಬಾಗಿಲಿಗೆ ಬಂದು ನಿಂತಳು. ಮುಖ ಇನ್ನೂ ಬಿಗಿದೇ ಇತ್ತು.

"ಭೂತಕಾಲ ಎರಡು ಯಾಕೆ ಅಂತ ಕೇಳ್ತಿದ್ದಾರೆ. ನಂಗೆ ಆಡೋಕೆ ಬರುತ್ತೆ, ಯಾಕೆ ಅಂತ ಹೇಳೋಕೆ ಬರಲ್ಲ. ಐದು ನಿಮಿಷ ಬರ್ತೀಯಾ?"

ಅಕ್ಕ ತನ್ನವರಿಗೆ ಜೋಡಿಯಾಗಿ ಮಾತಾಡಲು ಹೇಳಿ ಅವಳ ಹಿಂದೆ ಹೋದಳು. ಹಲಗೆಯ ಮೇಲೆ 'ಬಂದೆ' ಎಂದು ಬರೆದಳು, ಅದರ ಕೆಳಗೆ 'ಬರುತ್ತಿದ್ದೆ' ಎಂದು. ಒಂದು ಸಲ ಆಗಿ ಮುಗಿದದ್ದು, ಆಗೆಲ್ಲ ಆಗುತ್ತಲೇ ಇದ್ದದ್ದು. ಇಡೀ ಕೊಠಡಿ ಓಹೋ ಎಂದಿತು. ಆ ಓಹೋ ಅವಳಿಗೆ ಹಿತವಾಗಿತ್ತು. ಆದರೆ ತಂಗಿ ಎರಡೇ ನಿಮಿಷದಲ್ಲಿ ಅದನ್ನು ಆಟವಾಗಿಸಿ, ಬಾಲ್ಯದಲ್ಲಿ ಏನು ಮಾಡುತ್ತಿದ್ದಿರಿ ಎಂದು ಒಬ್ಬರನ್ನೊಬ್ಬರು ಕೇಳಲು ಹಚ್ಚಿದಳು. ಕೊಠಡಿ ಗಲಗಲ ಎಂದಿತು. ಅಕ್ಕನ ಹೊಟ್ಟೆಕಿಚ್ಚು ಮತ್ತೊಮ್ಮೆ ಚುರ್ ಎಂದಿತು. ಅದು ಪೂರ್ತಿ ಆರುವಂಥದ್ದಲ್ಲ ಎಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು.

ಹೊರಡಲು ತಿರುಗಿದಾಗ ಟೈಲರ್ ತಮ್ಮ ಪಕ್ಕದ ಕುರ್ಚಿ ಎಳೆದರು. ಅವರಿಗೆ ಜೋಡಿ ಇರಲಿಲ್ಲ. ನೀವು ಚಿಕ್ಕಂದಿನಲ್ಲಿ ಏನು ಆಡುತ್ತಿದ್ದಿರಿ ಎಂದು ತಪ್ಪುತಪ್ಪಾದ ಸ್ಪ್ಯಾನಿಷಿನಲ್ಲಿ ಕೇಳಿದರು. ಅಕ್ಕ ತಿದ್ದಲಿಲ್ಲ. ಕೂತಳು. ಮರ ಹತ್ತುತ್ತಿದ್ದೆ, ಆದರೆ ಇಳಿಯಲು ಬರುತ್ತಿರಲಿಲ್ಲ ಎಂದು ಹೇಳಬೇಕಿತ್ತು. 'ಆದರೆ'ಯ ಹತ್ತಿರ ಬಂದು ಅವಳ ನಾಲಿಗೆ ನಿಂತಿತು. ಆಚೆ ಬದಿಯಿಂದ ತಂಗಿ ಒಮ್ಮೆ ಇತ್ತ ನೋಡಿ, ನೋಡದವಳಂತೆ ಬೇರೆ ಜೋಡಿಯತ್ತ ಬಾಗಿದಳು. ಟೈಲರ್ ಅವಸರ ಮಾಡದೆ ಕಾದರು.