ಶನಿವಾರದ ಚೀಟಿ

ಒಲೆಯ ಬಾಯಿಗೆ ತುರುಕಿದ್ದ ಕಾಗದದ ಕಟ್ಟನ್ನು ಚನ್ನವ್ವ ಬರಿಗೈಯಲ್ಲೇ ಎಳೆದು ನೆಲಕ್ಕೆ ಒಗೆದಳು. ಅಂಚಿಗೆ ಹತ್ತಿದ್ದ ಉರಿಯನ್ನು ಅಂಗೈಯಿಂದ ಬಡಿದು ಆರಿಸಿದಳು.

"ಯವ್ವಾ, ಹುಚ್ಚ ಹಿಡದೈತೇನ ನಿನಗ?" ಎಂದು ಓಣಿಯ ಭರಮು ಊದುಗೊಳವೆಯನ್ನು ಕೆಳಗಿಟ್ಟ. ಕೊನೆಯ ಸ್ನಾನದ ನೀರಿಗೆಂದು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಹಂಡೆ ಏರಿಸಿದ್ದವನು ಅವನೇ. "ಹಳೇ ಲಗ್ನಪತ್ರಿಕಿ ಅದಾವ, ಟ್ರಂಕ ತುಂಬ. ಕಟಗಿ ಹಸೀವು, ಹತ್ತವಲ್ಲವು. ಅದಕ್ಕ ಹಾಕೇನಿ."

"ಲಗ್ನಪತ್ರಿಕಿ ಅಲ್ಲೋ ಭರಮಣ್ಣಾ. ತಿರುವಿ ನೋಡ."

ಭರಮು ಒಂದನ್ನು ತಿರುವಿದ. ಹಿಂಬದಿಯ ಖಾಲಿ ಜಾಗದಲ್ಲಿ ನೀಲಿ ಶಾಯಿಯ ದಪ್ಪ ಅಕ್ಷರದ ಮೂರು ಸಾಲು. ಅದರ ಕೆಳಗೆ ಒಂದು ಕುಂಕುಮದ ಬೊಟ್ಟು.

"ನಮ್ಮ ಪಾರಿಸಂದೂ ಇದರಾಗ ಇರಬೇಕಲ್ಲ," ಎಂದು ಮಗನನ್ನು ನೆನೆದು ಮೆಲ್ಲಗೆ ಅಂದವನು ಒಣ ಕಟ್ಟಿಗೆ ಹುಡುಕಲು ಎದ್ದು ಹೋದ.

ಜಿನಮತಿ ಅಕ್ಕೋರು ತೀರಿಕೊಂಡದ್ದು ಅಂದಿನ ನಸುಕಿನಲ್ಲಿ. ಚಹಾಕ್ಕೆ ಒಲೆ ಹಚ್ಚಲು ಬಗ್ಗಿದವರು ಮತ್ತೆ ಏಳಲಿಲ್ಲ. ಹಾಲು ಕೊಡಲು ಬಂದ ಚನ್ನವ್ವನೇ ಮೊದಲು ನೋಡಿದವಳು. ಜುಗೂಳದ ಬಾಲವಾಡಿಯಲ್ಲಿ ಅವರು ಇಪ್ಪತ್ತೆರಡು ವರ್ಷ ಮಕ್ಕಳಿಗೆ ಕಲಿಸಿದ್ದರು. ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಹೆಣ್ಣುಮಗಳು. ಹಣೆ ಬರಿದು, ಉಡುವುದು ಬಿಳಿ ಸೀರೆ. ಈಗಲೂ ಅಂಥದೇ ಒಂದು ಸೀರೆಯಲ್ಲಿ ಪಡಸಾಲೆಯ ಚಾಪೆಯ ಮೇಲೆ ಮಲಗಿದ್ದರು. ತಲೆಯ ಬಳಿ ಇಬ್ಬರು ಮುದುಕಿಯರು ಣಮೋಕಾರ ಮಂತ್ರ ಹೇಳುತ್ತಿದ್ದರು. ದಿಗ್ಗೇವಾಡಿಯಿಂದ ಅಣ್ಣ ಶಾಂತಿನಾಥ ಬಂದಾಗಿತ್ತು. ಸಾಂಗಲಿಯಿಂದ ತಂಗಿ ಚಂದ್ರಮತಿ ಬರಬೇಕಿತ್ತು. ಅವಳಿಗಾಗಿ ಎಲ್ಲರೂ ಕಾಯುತ್ತಿದ್ದರು.

ಚನ್ನವ್ವ ಉಳಿದ ಚೀಟಿಗಳನ್ನು ಉಡಿಯಲ್ಲಿ ತುಂಬಿಕೊಂಡು ಒಳಗೆ ಬಂದಳು. ಕೈ ಉರಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕುಪ್ಪಸದೊಳಗೆ ಮಡಿಚಿಟ್ಟಿದ್ದ ಇನ್ನೊಂದು ಚೀಟಿ ಎದೆಗೆ ಒತ್ತುತ್ತಿತ್ತು. ಅದರ ಮೇಲೆ ಬೊಟ್ಟು ಇರಲಿಲ್ಲ.

"ನೋಡ್ರಿ ನಮ್ಮ ಸೊಸೀನ," ಎಂದಳು ಕಂಬಕ್ಕೆ ಆತು ಕುಳಿತಿದ್ದ ಅತ್ತೆ ಸುಂದ್ರವ್ವ. "ಒಂದ ಅಕ್ಷರ ಬರೂದಿಲ್ಲ, ಅಕ್ಷರದ ಸಲುವಾಗಿ ಕೈ ಸುಟ್ಗೊಂಡ ಬಂದಾಳ."

ಚನ್ನವ್ವ ಉಡಿಯ ಚೀಟಿಗಳನ್ನು ಪಡಸಾಲೆಯ ನೆಲಕ್ಕೆ ಸುರಿದಳು.

*

ಅಕ್ಕೋರ ಪದ್ಧತಿ ಊರಿಗೆಲ್ಲ ಗೊತ್ತಿತ್ತು. ಸೋಮವಾರ ಪ್ರತಿ ಮಗುವಿಗೂ ಒಂದು ಚೀಟಿ. ಅದರಲ್ಲಿ ಆ ವಾರ ಕಲಿಯುವ ಅಕ್ಷರಗಳು, ಅವು ಬರುವ ಎರಡು ಮೂರು ಮಾತು. ಊರಿನ ಮದುವೆಗಳ ಪತ್ರಿಕೆಗಳನ್ನು ಬೇಡಿ ತಂದು ಹಿಂಬದಿಯಲ್ಲಿ ಬರೆಯುತ್ತಿದ್ದರು. ಮಕ್ಕಳು ಹೊಲಸು ಮಾಡದಿರಲೆಂದು ಮಡಿಚಿ ದಾರದಿಂದ ಒಂದು ಹೊಲಿಗೆ ಹಾಕುತ್ತಿದ್ದರು. ಮನೆಯಲ್ಲಿ ದಾರ ಬಿಚ್ಚಿ, ವಾರವೆಲ್ಲ ದೀಪ ಹಚ್ಚುವ ಹೊತ್ತಿಗೆ ಮಗು ಓದಬೇಕು, ದೊಡ್ಡವರು ಯಾರಾದರೂ ಕೇಳಬೇಕು. ಕೇಳಿದ್ದಕ್ಕೆ ಗುರುತು ಒಂದು ಬೊಟ್ಟು ಕುಂಕುಮ. ಶನಿವಾರ ಚೀಟಿ ವಾಪಸು. ಬಾಲವಾಡಿಯ ಕೋಣೆಗೂ ಅಕ್ಕೋರ ಮನೆಗೂ ಒಂದೇ ಗೋಡೆ. ಮಕ್ಕಳು ಪಡಸಾಲೆಯ ಕಿಟಕಿ ಕಟ್ಟೆಯ ಮೇಲೆ ಚೀಟಿಗಳನ್ನು ಸಾಲಾಗಿ ಇಟ್ಟು, ಬೊಟ್ಟು ಆರುವವರೆಗೆ ಹಾರದಂತೆ ಮೇಲೊಂದು ಹುಣಸೆಬೀಜ ಇಡುತ್ತಿದ್ದರು.

"ಅಕ್ಷರ ಸಾಲ್ಯಾಗ ಹುಟ್ಟತಾವ, ಮನ್ಯಾಗ ಬೆಳೀತಾವ," ಎನ್ನುತ್ತಿದ್ದರು ಅಕ್ಕೋರು.

ಹತ್ತು ವರ್ಷದ ಹಿಂದಿನ ಮಾತು. ಚನ್ನವ್ವನ ಮಗಳು ಶಾಲನಳಿಗೆ ಆಗ ಐದು ವರ್ಷ. ಒಂದು ಶನಿವಾರ ಸಂಜೆ, ಚನ್ನವ್ವ ರೊಟ್ಟಿ ಬಡಿಯುತ್ತಿದ್ದಾಗ, ಅಕ್ಕೋರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಚೀಟಿ.

"ಬೊಟ್ಟ ಛಲೋ ಮೂಡೇತಿ ಚನ್ನವ್ವಾ," ಎಂದರು ಒಲೆಯ ಮುಂದೆ ಕೂಡುತ್ತ. "ಆದ್ರ ದಾರ ಇನ್ನೂ ಬಿಚ್ಚೇ ಇಲ್ಲ."

ಮಡಿಕೆಯ ಹೊರಗೇ ಕುಂಕುಮ ಹಚ್ಚಿ ಕಳಿಸಿದ್ದಳು ಚನ್ನವ್ವ. ಕೈಯಲ್ಲಿದ್ದ ರೊಟ್ಟಿ ಹರಿಯಿತು.

"ನಾ ಏನ ಕೇಳ್ಲಿ ಅಕ್ಕೋರ? ಅಕಿ ಎಮ್ಮಿ ಅಂದ್ರೂ ಹೂಂ ಅನ್ನಬೇಕು, ಎತ್ತ ಅಂದ್ರೂ ಹೂಂ ಅನ್ನಬೇಕು. ಖರೇನ ಓದ್ಯಾಳೋ ಸುಳ್ಳ ಓದ್ಯಾಳೋ, ನನಗೇನ ತಿಳೀತೈತಿ?"

ಅಕ್ಕೋರು ನಗಲಿಲ್ಲ, ಬೈಯಲಿಲ್ಲ. ಶಾಲನಳನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡು ದಾರ ಬಿಚ್ಚಿದರು. "ಓದವಾ," ಎಂದರು. ಹುಡುಗಿ ಗಿಣಿಯಂತೆ ಒಂದೇ ಉಸಿರಿಗೆ ಹೇಳಿ ಮುಗಿಸಿತು.

"ಈಗ ನೋಡ ಚನ್ನವ್ವಾ. ಅಕ್ಷರ ನೋಡಬ್ಯಾಡ, ಅಕಿ ಬೆರಳ ನೋಡ. ಬಾಯಿ ಮುಂದ ಓಡಿ ಬೆರಳ ಹಿಂದ ಉಳೀತಂದ್ರ ಬಾಯಿಪಾಠ. ಬೆರಳು ಬಾಯಿ ಜೋಡೆತ್ತಿನಂಗ ಕೂಡೇ ಹೊಂಟ್ರ ಓದು. ಇಷ್ಟ ನೋಡಾಕ ನಿನಗ ಸಾಲಿ ಯಾಕ ಬೇಕ?"

"ಇದೇನ ಸಾಲೀನೋ ಪೋಲೀಸ ಠಾಣೇನೋ!" ಎಂದು ಮಂಚದ ಮೇಲಿಂದ ಸುಂದ್ರವ್ವ ಗೊಣಗಿದಳು. ಆದರೂ ಕತ್ತು ಚಾಚಿ ಮೊಮ್ಮಗಳ ಬೆರಳನ್ನೇ ನೋಡುತ್ತಿದ್ದಳು.

ಅಂದಿನಿಂದ ದೀಪದ ಹೊತ್ತಿಗೆ ಒಲೆಯ ಮುಂದೆ ಮಗಳ ಬೆರಳನ್ನು ಚನ್ನವ್ವ ಕಾಯುತ್ತಿದ್ದಳು. ಹಾಗೆ ಕಾಯುತ್ತ ಕಾಯುತ್ತ, ಬೆರಳಿನ ತುದಿಯಲ್ಲಿದ್ದ ಅಕ್ಷರಗಳು ಒಂದೊಂದಾಗಿ ಅವಳಿಗೂ ಗುರುತಾಗತೊಡಗಿದವು. ಇದು ಗೊತ್ತಾದದ್ದು ಅಕ್ಕೋರಿಗೆ ಮಾತ್ರ. ಶಾಲನ ದೊಡ್ಡ ಸಾಲಿಗೆ ಹೋದ ಮೇಲೂ ಸೋಮವಾರ ಹಾಲಿನ ತಂಬಿಗೆಯ ಮುಚ್ಚಳದಡಿ ಒಂದು ಚೀಟಿ ಚನ್ನವ್ವನ ಮನೆಗೆ ಬರುತ್ತಿತ್ತು. ಶನಿವಾರ ಅಕ್ಕೋರ ಅಡುಗೆಮನೆಯಲ್ಲಿ ಅದರ ಓದು. ಹಾಲು ಕೊಡಲು ಹೋದವಳು ಯಾಕೆ ತಡಮಾಡಿದಳೆಂದು ಮನೆಯಲ್ಲಿ ಕೇಳಿದರೆ, "ಅಕ್ಕೋರ ಚಹಾ ಮಾಡಿದ್ರು" ಎಂಬ ಒಂದೇ ಉತ್ತರ. ಮೂವತ್ತು ದಾಟಿದ ಹೆಂಗಸು ಕೂಸಿನಂತೆ ಅ ಆ ಓದುವುದನ್ನು ಅತ್ತೆ ಕಂಡರೆ ಊರೆಲ್ಲ ಡಂಗುರ ಎಂಬ ಹೆದರಿಕೆ ಅವಳಿಗೆ.

*

ಪಡಸಾಲೆಯಲ್ಲಿ ಚೀಟಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಅಳುತ್ತಿದ್ದವರು ಕಣ್ಣು ಒರೆಸಿಕೊಂಡು ತಮ್ಮ ತಮ್ಮ ಬೊಟ್ಟು ಹುಡುಕುತ್ತಿದ್ದರು.

"ಇದ ನಂದ," ಎಂದಳು ಪಕ್ಕದ ಮನೆಯ ಸಕ್ಕುಬಾಯಿ. "ಅರಿಷಿಣ ಹಚ್ಚಿದ್ದೆ ನೋಡ. ಕುಂಕುಮ ತೀರಿತ್ತು. ಹಿಂದಿನ ವಾರ ಖಾರಪುಡಿ ಹಚ್ಚಿ ಕಳಿಸಿದ್ದೆ. ಅಕ್ಕೋರ ಸೀನಿ ಸೀನಿ ಸಾಕಾದ್ರಂತ."

ಒಂದು ನಗೆ ಎದ್ದು, ಚಾಪೆಯ ಕಡೆ ನೋಡಿ ಅಲ್ಲೇ ಅಡಗಿತು.

"ನಾ ಇವನ್ನೆಲ್ಲಾ ರದ್ದಿ ಅಂತ ತಿಳಿದಿದ್ನಿ," ಎಂದ ಶಾಂತಿನಾಥ. ಒಂದು ಚೀಟಿ ಹಿಡಿದು ಅದರ ಕೆಂಪು ಚುಕ್ಕೆಯನ್ನು ನೋಡಿದ. ತಂಗಿಯ ಬರಿಯ ಹಣೆಯನ್ನು ನೋಡಿದ. ಚೀಟಿಗಳನ್ನೆಲ್ಲ ತಾನೇ ಜೋಡಿಸಿ ಟ್ರಂಕಿಗೆ ತುಂಬಿದ. "ಇನ್ನ ಯಾರೂ ಇದಕ್ಕ ಕೈ ಹಚ್ಚಬ್ಯಾಡ್ರಿ."

ಚನ್ನವ್ವ ಕಿಟಕಿಯ ಕಡೆ ತಿರುಗಿದಳು. ಕಟ್ಟೆಯ ಮೇಲೆ ಒಂಬತ್ತು ಚೀಟಿ, ಒಂಬತ್ತು ಹುಣಸೆಬೀಜ. ಬೆಳಿಗ್ಗೆ ಸುದ್ದಿ ಗೊತ್ತಿಲ್ಲದ ಮಕ್ಕಳು ಎಂದಿನಂತೆ ಬಂದು, ಇಡಬೇಕಾದಲ್ಲಿ ಇಟ್ಟು, ಆಮೇಲೆ ಮಂದಿಯನ್ನು ಕಂಡು ಓಡಿಹೋಗಿದ್ದವು. ಅಷ್ಟು ಸಣ್ಣ ಮಕ್ಕಳು ತಮ್ಮ ವಾರ ಮುಗಿಸಿದ್ದವು. ತನ್ನದು ಮಾತ್ರ ಬಾಕಿ.

*

ಕಳೆದ ಸೋಮವಾರ ಅಕ್ಕೋರು ಚೀಟಿಯನ್ನು ಮುಚ್ಚಳದಡಿ ಇಡದೆ ಅವಳ ಕೈಗೇ ಕೊಟ್ಟಿದ್ದರು.

"ಈ ಸಲ ನನ್ನ ಮುಂದ ಓದೂದಲ್ಲ. ಮನ್ಯಾಗ ಓದು. ಬೊಟ್ಟ ಹಚ್ಚಿಸ್ಕೊಂಡ ಬಾ."

"ಅಯ್ಯ, ಬ್ಯಾಡ್ರಿ ಅಕ್ಕೋರ. ನಮ್ಮತ್ತಿ ಗೊತ್ತಲ್ಲ ನಿಮಗ?"

"ಊರ ಕೂಸಿಗೆಲ್ಲಾ ಮನ್ಯಾಗ ಓದ್ರಿ ಅಂತೀನಿ, ನಿನಗೊಬ್ಬಾಕಿಗೆ ಕಳವೀಲೆ ಓದಸಾಕತ್ತೀನಿ. ನನ್ನ ಮನಸ್ಸಿಗಿ ಇದು ಸರಿ ಬರವಲ್ದು. ನಾ ಹಚ್ಚೇನಂದ್ರ ನನ್ನ ಮನ್ಯಾಗ ಕುಂಕುಮ ಎಲ್ಲೈತಿ?" ಎಂದು ನಕ್ಕಿದ್ದರು. "ಶನಿವಾರ ಹಾದಿ ನೋಡ್ತೀನಿ."

ಐದು ದಿನ. ಮಂಗಳವಾರ ಗಂಡ ಮುರಗೆಪ್ಪ ಕಬ್ಬಿನ ಗಾಡಿ ಹೊಡೆದು ಬಂದು ದಣಿದಿದ್ದ. ಬುಧವಾರ ಅತ್ತೆಗೆ ಸಿಟ್ಟು ಬಂದಿತ್ತು. ಗುರುವಾರ ಬಾಯಿ ತೆರೆದು, "ಕುಡ್ಯಾಕ ನೀರ ಬೇಕೇನ್ರಿ ಅತ್ತೀ?" ಎಂದು ಕೇಳಿ ಮುಚ್ಚಿದಳು. ದನದ ಕೊಟ್ಟಿಗೆಯಲ್ಲಿ ಒಬ್ಬಳೇ ಓದಿಕೊಂಡಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಪ್ರತಿಸಲವೂ ಯಾರಾದರೂ ಕರೆಯುತ್ತಿದ್ದರು. ಶನಿವಾರ ಬಂದಾಗ ಅವಳಲ್ಲಿ ಬೊಟ್ಟು ಇರಲಿಲ್ಲ, ಸುಳ್ಳು ಹೇಳಲು ಮನಸ್ಸೂ ಇರಲಿಲ್ಲ. ಬೈಸಿಕೊಂಡರಾಯಿತು ಎಂದು ಹಾಲು ತಂದಳು. ಬೈಯುವವರು ಒಲೆಯ ಮುಂದೆ ಬಿದ್ದಿದ್ದರು.

*

ಚಂದ್ರಮತಿ ಬಂದಳು. ಅತ್ತದ್ದಾಯಿತು, ಎರೆದದ್ದಾಯಿತು. ಹೊಸ ಬಿಳಿ ಸೀರೆ ಹೊದಿಸಿ ಬಿದಿರಿನ ಚಟ್ಟದ ಮೇಲೆ ಮಲಗಿಸಿದರು. ನಾಲ್ಕು ಮಂದಿ ಬಗ್ಗಿದರು.

"ಹೂಂ, ಎತ್ರಿ," ಎಂದ ಶಾಂತಿನಾಥ.

"ಸ್ವಲ್ಪ ತಡೀರಿ."

ಆ ದನಿ ತನ್ನದೇ ಎಂದು ಚನ್ನವ್ವನಿಗೆ ತಡವಾಗಿ ತಿಳಿಯಿತು. ಎಲ್ಲರೂ ತಿರುಗಿ ನೋಡಿದರು. ಹೊರಗಿನ ಮಂದಿಯಲ್ಲಿ ಮುರಗೆಪ್ಪನೂ ಕತ್ತೆತ್ತಿದ.

"ಏನವಾ? ಹೊತ್ತಾಕ್ಕೈತಿ," ಎಂದ ಶಾಂತಿನಾಥ.

"ಇವತ್ತ ಶನಿವಾರ ಐತ್ರಿ. ನಂದೊಂದ ಚೀಟಿ ಉಳದೈತಿ."

ಕುಪ್ಪಸದಿಂದ ಚೀಟಿ ತೆಗೆದಳು. ಅದು ಬೆವರಿಗೆ ಮೆತ್ತಗಾಗಿತ್ತು. ಚಟ್ಟದ ಪಕ್ಕ ಮಂಡಿಯೂರಿ ಕುಳಿತು ಬಿಡಿಸಿದಳು. ಯಾರೋ ಪಿಸುಗುಟ್ಟಿದರು. ಕೊಟ್ಟಿಗೆಯಲ್ಲಿ ಹತ್ತಾರು ಸಲ ಓದಿದ ಸಾಲುಗಳು, ಬಾಯಿ ತೆರೆದದ್ದೇ ಬಂದುಬಿಟ್ಟವು.

"ಹೊಳೆ ತುಂಬಿತ್ತು ದೋಣಿ ಬಂತು ಚನ್ನವ್ವ ದೋಣಿ ಹತ್ತಿ..."

"ತಡಿ ಲೇ."

ಸುಂದ್ರವ್ವ ಕಂಬ ಬಿಟ್ಟು ಎದ್ದು ಬಂದಿದ್ದಳು. ಮೊಣಕಾಲು ಹಿಡಿದುಕೊಂಡು ಸೊಸೆಯ ಪಕ್ಕದಲ್ಲೇ ಕುಳಿತಳು. ಕಣ್ಣು ಚನ್ನವ್ವನ ಬೆರಳಿನ ಮೇಲಿತ್ತು.

"ಬಾಯಿ ಮುಂದ ಓಡೇತಿ, ಬೆರಳ ಹಿಂದ ಉಳದೈತಿ. ಅಕ್ಕೋರ ಏನ ಹೇಳಿದ್ರ? ಮೊದಲಿಂದ ಓದ."

ಚನ್ನವ್ವ ಅತ್ತೆಯ ಮುಖ ನೋಡಿದಳು. ಅಲ್ಲಿ ಕುಹಕ ಇರಲಿಲ್ಲ. ಸುಟ್ಟ ಬೆರಳನ್ನು ಮೊದಲ ಅಕ್ಷರದ ಕೆಳಗಿಟ್ಟಳು.

"ಹೊಳೆ... ತುಂಬಿತ್ತು. ದೋಣಿ... ಬಂತು. ಚನ್ನವ್ವ... ದೋಣಿ... ಹತ್ತಿದಳು."

ಬೆರಳು ಕೊನೆಯ ಸಾಲಿಗೆ ಇಳಿಯಿತು. ಇದು ಬಾಯಿಗೆ ಬಾರದ ಸಾಲು. ಅವಳು ಒಂದೊಂದೇ ಅಕ್ಷರದ ಬಳಿ ನಿಂತಳು, ನೋಡಿದಳು, ಕೂಡಿಸಿದಳು, ಮುಂದೆ ಹೋದಳು.

"ಆ ದಂಡೆ... ಬಂತು. ಚನ್ನವ್ವ... ಯಾರ... ಕೈಯೂ... ಹಿಡಿಯದೆ... ಇಳಿದಳು."

ಬೆರಳೂ ಬಾಯಿಯೂ ಕೂಡಿಯೇ ನಿಂತವು.

"ಖರೇನ ಓದ್ಯಾಳ," ಎಂದಳು ಸುಂದ್ರವ್ವ, ಚಟ್ಟದ ಮೇಲಿದ್ದವರಿಗೆ ಹೇಳುವಂತೆ. "ನಾ ಕೇಳೇನ್ರಿ ಅಕ್ಕೋರ."

ಗಂಡ ಸತ್ತು ಹದಿನಾಲ್ಕು ವರ್ಷ ಕುಂಕುಮ ಮುಟ್ಟದ ಕೈ ಅದು. ಸುತ್ತ ಒಮ್ಮೆ ನೋಡಿದಳು ಆ ಮುದುಕಿ. ಆಮೇಲೆ ಹೆಬ್ಬೆರಳನ್ನು ಸೊಸೆಯ ಹಣೆಗೆ ಒತ್ತಿ, ಅಲ್ಲಿ ಬೆವರಿನಲ್ಲಿ ಕರಗುತ್ತಿದ್ದ ಕುಂಕುಮವನ್ನು ತೆಗೆದು, ಚೀಟಿಯ ಕೆಳಗೆ ಇಟ್ಟಳು. ದೊಡ್ಡ ಬೊಟ್ಟು, ನಡುವೆ ಹೆಬ್ಬೆರಳಿನ ಗೆರೆ.

ಚಟ್ಟ ಎದ್ದಿತು. ಗಂಡಸರ ಹೆಜ್ಜೆಗಳು ಕೃಷ್ಣೆಯ ಕಡೆಗೆ ದೂರವಾದವು. ಚನ್ನವ್ವ ಕಿಟಕಿಯ ಬಳಿ ಹೋಗಿ, ಒಂಬತ್ತನೆಯ ಚೀಟಿಯ ಪಕ್ಕದಲ್ಲಿ ತನ್ನದನ್ನು ಬಿಡಿಸಿಟ್ಟಳು. ಕಟ್ಟೆಯ ಮೂಲೆಯ ಬಟ್ಟಲಿನಿಂದ ಒಂದು ಹುಣಸೆಬೀಜ ತೆಗೆದು ಮೇಲೆ ಇಟ್ಟಳು. ಹೊಳೆಯಿಂದ ಗಾಳಿ ಬಂತು. ಹತ್ತೂ ಚೀಟಿಗಳ ಅಂಚು ಒಮ್ಮೆ ಮೇಲೆದ್ದು ಮತ್ತೆ ಮಲಗಿತು. ಕೊನೆಯದರ ಬೊಟ್ಟು ಇನ್ನೂ ಹಸಿಯಾಗಿತ್ತು.