ಕ್ಲಿಪ್ಪಿನ ಕೆಳಗಿನ ಕಾವಲುಗಾರ

ಭಾಲ್ಕಿಯ ವಿಶಾಖಾ ನಕ್ಕರೆ ಓಢಣಿಯ ಅಂಚು ತಾನಾಗಿ ಬಾಯಿಗೆ ಅಡ್ಡ ಬರುತ್ತಿತ್ತು. ಮುಂದಿನ ಹಲ್ಲುಗಳು ಸಂತೆಯಲ್ಲಿ ನೂಕಾಡುವ ಹೆಂಗಸರ ಹಾಗೆ ಒಂದರ ಮೇಲೊಂದು ಏರಿ ನಿಂತಿದ್ದವು. ಬೀದರಿನ ಹಲ್ಲಿನ ಡಾಕ್ಟರು ತಬಸ್ಸುಮ ಮೇಡಂ ಹಲ್ಲು ಸಾಲಿಗೆ ತರುವ ಕ್ಲಿಪ್ ಕೂರಿಸಿದ ದಿನ ಹೇಳಿದ್ದರು: "ಕ್ಲಿಪ್ ಹಿಡಿದಿಡೋ ಈ ಅಂಟಿನೊಳಗ ಫ್ಲೋರೈಡ ಅದ. ಸಾವಕಾಶ ಹೊರಗ ಬಂದು ಹಲ್ಲು ಕಾಯ್ತದ. ಆದ್ರ ನೀ ಪೇಸ್ಟ್ ಹಚ್ಚಿ ಎರಡೂ ಹೊತ್ತು ತಿಕ್ಕಬೇಕು."

ಮೊದಲ ಮಾತು ವಿಶಾಖಾಳ ಎದೆಗಿಳಿಯಿತು. ಕಡೆಯದು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಎಲ್ಲೋ ಉದುರಿತು.

"ಆಯಿ, ನನ್ನ ಹಲ್ಲಿಗೊಬ್ಬ ಕಾವಲುಗಾರ ಬಂದಾನ!"

"ನಿದ್ದಿ ಮಾಡೂದಿಲ್ಲೇನ ಅಂವ?" ಎಂದಳು ಅಜ್ಜಿ ಶೇವಂತಾಬಾಯಿ.

"ಇಲ್ಲ."

"ಹಂಗಾರ ನಿಮ್ಮಪ್ಪಗಿಂತ ಛಲೋ." ಬೇಳೆ ಗೋದಾಮಿನ ವಾಚ್‌ಮನ್ ಕಾಶೀರಾಮ ಮೂಲೆಯಲ್ಲಿ ಗೊರಕೆ ಹೊಡೆಯುತ್ತಿದ್ದ.

ಶೇವಂತಾಬಾಯಿಯ ಕಥೆಗೊಂದು ಕಟ್ಟಳೆ. ಸಂಜೆ ಉಂಡ ಮೇಲೆ ಕೇಳುವವಳ ದವಡೆಗೆ ಕಲ್ಲುಸಕ್ಕರೆಯ ಹರಳು. ಅದು ಕರಗುವ ತನಕ ಹೂಂಗುಟ್ಟಬೇಕು. ಆಮೇಲೆ ಬೆಳಗಾಗುವ ತನಕ ಬಾಯಿ ಮುಕ್ಕಳಿಸುವ ಹಾಗಿಲ್ಲ. ಮುಕ್ಕಳಿಸಿದರೆ ಕಥೆ ನೀರಿನ ಸಂಗಡ ಹರಿದುಹೋಗುತ್ತದೆ. ಏಳು ಬಾಗಿಲಿನ ಕೋಟೆ, ಮಾತಾಡುವ ಬಾವಿ, ಒಂದನ್ನೂ ಕಳೆದುಕೊಳ್ಳಲು ವಿಶಾಖಾಳಿಗೆ ಮನಸ್ಸಿರಲಿಲ್ಲ. ಬೆಳಗ್ಗೆ ಎದ್ದರೆ ಕಾಲೇಜಿನ ಬಸ್ಸಿನ ಗಡಿಬಿಡಿ, ಬರೀ ಬೆರಳಿನಿಂದ ಒಂದು ಸುತ್ತು ತಿಕ್ಕಿದರೆ ಮುಗಿಯಿತು. ಕಾವಲುಗಾರ ಇದ್ದಾನಲ್ಲ!

ಎರಡು ವರ್ಷದ ಮೇಲೆ ಔರಾದಿನಲ್ಲಿ ಬಾಲವಾಡಿಯ ಟೀಚರ್ ಕೆಲಸ ಸಿಕ್ಕಿತು. ಸೋಮವಾರ ಸೇರಬೇಕು. ಅಷ್ಟರೊಳಗೆ ಕ್ಲಿಪ್ ಬಿಚ್ಚಿಸಿ, ಆಯಿಯ ಕಥೆಗಳನ್ನು ತೆರೆದ ಬಾಯಿಂದ ಹೇಳಬೇಕು, ಮಕ್ಕಳೊಡನೆ ಹಲ್ಲು ಬಿಟ್ಟು ನಗಬೇಕು. ಹುಡುಗಿ ಬೇಡಿದ್ದು ಇಷ್ಟೇ.

ಮೇಡಂ ಬಿಚ್ಚಿ ಕನ್ನಡಿ ಕೊಟ್ಟರು. ಹಲ್ಲು ಸಾಲಾಗಿ ನಿಂತಿದ್ದವು. ಆದರೆ ಕ್ಲಿಪ್ ಕೂತ ಚೌಕವಷ್ಟೇ ಹಲ್ಲಿನ ಬಣ್ಣ. ಸುತ್ತ ಸುಣ್ಣ ಬಳಿದಂಥ ಬಿಳಿ ಕಲೆ, ಒಸಡಿನ ಹತ್ತಿರ ಕಂದು ತಗ್ಗು. ಕಾವಲುಗಾರ ತಾನು ಕೂತ ಕಟ್ಟೆಯನ್ನು ಮಾತ್ರ ಉಳಿಸಿಕೊಂಡಿದ್ದ.

"ತಿಕ್ಕತಿದ್ದಿಲ್ಲೇನವ್ವ?"

"ಅಂಟಿನಾಗ ಔಷಧ ಇತ್ತಲ್ರಿ, ಮೇಡಂ."

"ಅದು ಮೊದಲ ಜೋರ ಬಿಡ್ತದ, ಆಮ್ಯಾಲ ಬತ್ತತದ. ಪೇಸ್ಟ್ ಹಚ್ಚಿದ್ರ ಅದರಾಗಿಂದ ಮತ್ತ ತುಂಬ್ಕೋತದ. ನೀ ಅದನ್ನ ಉಪಾಸ ಕೆಡವಿದಿ."

"ಈ ಕಲಿ ಹೋಗ್ತಾವೇನ್ರಿ?"

"ಬಿಳಿವು ಜರಾ ಮಾಸಬಹುದು. ತಗ್ಗು ಬಿದ್ದದ್ದು ಹೊಳ್ಳಿ ಬರೂದಿಲ್ಲ. ತುಂಬಿದ್ರೂ ಗುರ್ತು ಕಾಣ್ತದ."

ಮನೆಯಲ್ಲಿ, ಕಣ್ಣು ಮಂಜಾದ ಶೇವಂತಾಬಾಯಿ ಮೊಮ್ಮಗಳ ಹಲ್ಲಿನ ಮೇಲೆ ಬೆರಳಾಡಿಸಿದಳು. "ಯವ್ವಾ, ಸಾಲಾಗಿ ಕುಂತಾವ! ಕಾವಲುಗಾರ ಶಾಣ್ಯಾ ಇದ್ದಾನ. ತಗೋ." ಅಂಗೈಗೆ ಕಲ್ಲುಸಕ್ಕರೆ ಬಂತು.

ಕಥೆ ಶುರುವಾಯಿತು. ವಿಶಾಖಾ ಹರಳನ್ನು ಮುಷ್ಟಿಯಲ್ಲೇ ಹಿಡಿದು ಹೂಂಗುಟ್ಟಿದಳು. ಹಲ್ಲು ತಿಂದದ್ದು ಈ ಸಕ್ಕರೆಯೆಂದು ಹೇಳಿದರೆ ಈ ಮುದುಕಿ ಮತ್ತೆ ಕಥೆ ಹೇಳುವುದಿಲ್ಲ. ಹೇಳದಿದ್ದರೆ ಹರಳು ಬರುತ್ತಲೇ ಇರುತ್ತದೆ, ತಾನು ಮತ್ತೆ ಕಥೆ ಕೇಳುವ ಹಾಗಿಲ್ಲ.

ನಡುವೆ ಆಯಿ ನಿಲ್ಲಿಸಿದಳು. "ಇಲ್ಲಿ ನಗಬೇಕಲ್ಲ ನೀ. ದಿನಾ ನಗತಿದ್ದಿ."

ವಿಶಾಖಾ ನಕ್ಕಳು.

ನಗು ಬಟ್ಟೆಯೊಳಗಿಂದ ಬಂದದ್ದು ಮುದುಕಿಯ ಕಿವಿಗೆ ಗೊತ್ತಾಯಿತು. "ಬಾಯಿಗೆ ಓಢಣಿ ಯಾಕ ಇಟ್ಟೀದಿ ಮಗಳ, ಇನ್ನೂ?"

"ರೂಢಿ, ಆಯಿ."

ಮುಷ್ಟಿಯೊಳಗೆ ಸಕ್ಕರೆ ಅಂಟಂಟಾಗಿತ್ತು. ಓಢಣಿಯನ್ನು ಅವಳು ಇಳಿಸಲಿಲ್ಲ.